ಬಣ್ಣ ಬಿಡುವ ಲೋಟ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ತಮೂರರಲ್ಲಿ, ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಇನ್ನೇನು ಹತ್ತಿರ ಬಂತು ಅನ್ನುವಾಗ. ಫೇಲಾಗಿ ಬಿಟ್ಟವನಲ್ಲ. ಕೇಳಿದವರೆಲ್ಲ ಹಾಗೇ ಅಂದುಕೊಳ್ಳುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಅಪ್ಪ ಮಣಿಕಟ್ಟು ಮುರಿದುಕೊಂಡು ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ. ಬೊಂಬೆ ಕಡೆಯುವ ಲೇತು ಮೂಲೆಯಲ್ಲಿ ಸುಮ್ಮನೆ ನಿಂತಿತ್ತು. ಲೇತು ನಿಂತ ಮನೆಯಲ್ಲಿ ಒಲೆಯೂ ನಿಲ್ಲುತ್ತದೆ ಅನ್ನುವುದು ನಮ್ಮ ಚನ್ನಪಟ್ಟಣದ ಬೀದಿಯಲ್ಲಿ ಮಕ್ಕಳಿಗೂ ಗೊತ್ತು. ನಾನು ಹೋಗಿ ಅದರ ಮುಂದೆ ಕೂತೆ. ಅಪ್ಪನ ಕೈ ಕೂಡಿಕೊಂಡಿತು, ನಾನು ಮಾತ್ರ ಅಲ್ಲಿಂದ ಏಳಲಿಲ್ಲ.

ಅಕ್ಷರ ಬಿಟ್ಟ ಮೇಲೆ ನಾನು ಕಲಿತದ್ದೆಲ್ಲ ಬೆರಳ ತುದಿಯಿಂದ. ನಾವು ಬೊಂಬೆಗೆ ಬಳಸುವುದು ಆಲೆ ಮರ. ಬೆಳ್ಳಗೆ, ಮೆತ್ತಗೆ, ಉಳಿ ತಾಗಿಸಿದರೆ ಬೆಣ್ಣೆ ಹಾಗೆ ಸುರುಳಿ ಬಿಡುತ್ತದೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಕಾವಿಗೇ ಅರಗು ಕರಗಿ ಮೈಗೆಲ್ಲ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆ ಗರಿಯಲ್ಲಿ ತಿಕ್ಕಬೇಕು. ತಿಕ್ಕಿದ್ದು ಸಾಕೋ ಬೇಕೋ ಎಂದು ಹೇಳುವುದು ಕಣ್ಣಲ್ಲ. ಕಣ್ಣು ಹೊಳಪಿಗೆ ಮರುಳಾಗುತ್ತದೆ. ಬುಗುರಿಯ ಹೊಟ್ಟೆಯ ಮೇಲೆ ನಡುಬೆರಳನ್ನು ಹಗುರವಾಗಿ ಆಡಿಸಬೇಕು. ಎಲ್ಲಾದರೂ ಕೂದಲಷ್ಟು ತರಿ ಉಳಿದಿದ್ದರೆ ಬೆರಳು ಅಲ್ಲಿ ತಡೆಯುತ್ತದೆ. ನನ್ನ ನಡುಬೆರಳು ಪಾಸು ಮಾಡಿದ ಬೊಂಬೆಯನ್ನು ಈ ಊರಲ್ಲಿ ಯಾರೂ ವಾಪಸು ತಂದಿಲ್ಲ. ಈ ಬೆರಳುಗಳಿಂದ ಮನೆ ಕಟ್ಟಿದೆ, ಮಗಳ ಮದುವೆ ಮಾಡಿದೆ. ಯಾರ ಮುಂದೆಯೂ ಕೈ ಚಾಚಿದವನಲ್ಲ.

ಮೈಸೂರು ರಸ್ತೆಯಲ್ಲಿ ಕಾರು ನಿಲ್ಲಿಸಿ ಬರುವ ಗಿರಾಕಿಗಳಿಗೆ ನಾನು ಹೇಳುವ ಮಾತು ಒಂದೇ. ಅಪ್ಪನೂ ಅದನ್ನೇ ಹೇಳುತ್ತಿದ್ದ. “ಮಗು ಬಾಯಿಗಿಟ್ಕೊಂಡು ಚೀಪಿದ್ರೂ ಬಣ್ಣ ಬಿಡಲ್ಲ ಸಾರ್!” ಬಣ್ಣ ಬಿಡಬಾರದು. ನಮ್ಮ ಕಸುಬಿನ ಮಾನವೆಲ್ಲ ಆ ಮಾತಿನಲ್ಲೇ ಇದೆ. ಈ ಮಾತನ್ನು ಒಂದು ಪಕ್ಕಕ್ಕೆ ಇಟ್ಟುಕೊಂಡಿರಿ, ಮುಂದೆ ಇದೇ ಮಾತು ನನ್ನ ಮುಖಕ್ಕೆ ಬಂದು ಬಡಿಯುತ್ತದೆ.

ಇದನ್ನೆಲ್ಲ ನೆನಪಿಸುತ್ತಿರುವುದು ಕಿಟಕಿಯಲ್ಲಿ ಕೂತಿರುವ ಒಂದು ಮರದ ಲೋಟ. ಅದಕ್ಕೆ ಹೊಳಪಿಲ್ಲ, ಬಣ್ಣದ ಪಟ್ಟಿಯಿಲ್ಲ. ಬಂದವರು “ಇದನ್ನೂ ನೀವೇ ಮಾಡಿದ್ದಾ?” ಎಂದು ಸ್ವಲ್ಪ ಅನುಮಾನದಲ್ಲೇ ಕೇಳುತ್ತಾರೆ.

ಸಕ್ಕರೆ ಕಾಯಿಲೆ ನಮ್ಮ ಮನೆಗೆ ಹೊಸದಲ್ಲ. ನಮ್ಮ ತಾತನಿಗೆ ಸಕ್ಕರೆ ಇದೆ ಎಂದು ಕಂಡುಹಿಡಿದದ್ದು ಡಾಕ್ಟರಲ್ಲ, ಇರುವೆಗಳು. ಹಿತ್ತಿಲ ಬೇಲಿಯ ಹತ್ತಿರ ತಾತ ಕೂತೆದ್ದ ಜಾಗಕ್ಕೆ ಸಾಲುಗಟ್ಟಿ ಬರುತ್ತಿದ್ದವು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿ, “ಇರುವೆಗೆ ಗೊತ್ತಾಗೋಯ್ತು, ಇನ್ನು ಊರಿಗೆ ಗೊತ್ತಾಗಕ್ಕೆ ಎಷ್ಟೊತ್ತು” ಎಂದಿದ್ದಳು. ನನ್ನದು ಅಷ್ಟು ಸಂಭ್ರಮದಿಂದ ಗೊತ್ತಾಗಲಿಲ್ಲ. ಕೆಂಗಲ್ಲಿನ ಆಂಜನೇಯನಿಗೆ ಕೈ ಮುಗಿದು ಹೊರಗೆ ಬಂದರೆ ರಸ್ತೆ ಬದಿ ಶಾಮಿಯಾನ ಹಾಕಿ ಪುಕ್ಕಟೆ ತಪಾಸಣೆ ಮಾಡುತ್ತಿದ್ದರು. ಪುಕ್ಕಟೆ ಎಂದರೆ ನನಗೆ ಆಗದು. ಆದರೆ ನನ್ನ ಹೆಂಡತಿ ರತ್ನ ಆಗಲೇ ಸಾಲಿನಲ್ಲಿ ನಿಂತು ನನಗೂ ಜಾಗ ಹಿಡಿದಿದ್ದಳು. ಬೆರಳಿಗೆ ಚುಚ್ಚಿದರು, ಚೀಟಿಯಲ್ಲಿ ಮಾತ್ರೆ ಬರೆದುಕೊಟ್ಟು ಊರಿನ ಡಾಕ್ಟರಿಗೆ ತೋರಿಸಿ ಎಂದರು.

ಮಾತ್ರೆಗಳನ್ನು ತಂದೆವು. ದೇವರ ಗೂಡಿನ ಪಕ್ಕದಲ್ಲಿ ಇಟ್ಟೆವು. ಅವು ಅಲ್ಲೇ ಇದ್ದವು. ಮಾತ್ರೆ ನುಂಗಿದರೆ ರೋಗಿ, ಎಲೆ ತಿಂದರೆ ಗಟ್ಟಿಗ ಅನ್ನುವುದು ನನ್ನ ಲೆಕ್ಕ. ಹೀಗಾಗಿ ನೆನೆಸಿದ ಮೆಂತ್ಯ ಬಂತು, ಹಾಗಲಕಾಯಿ ರಸ ಬಂತು, ನೇರಳೆ ಬೀಜದ ಪುಡಿ ಬಂತು. ಬೇಲಿಯ ಮೇಲಿನ ತಂಗಡಿ ಹೂವನ್ನು ಒಣಗಿಸಿ ಕಷಾಯ ಮಾಡಿದ್ದಾಯಿತು. ಪ್ರತಿಯೊಂದನ್ನೂ ಒಂದು ವಾರ ಭಕ್ತಿಯಿಂದ ಕುಡಿಯುತ್ತಿದ್ದೆ, ಎರಡನೇ ವಾರ ಮರೆಯುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಲೇತಿನ ಮುಂದೆ ಕೂತಿದ್ದೆ. ಕೆಂಪು ಅರಗು ಹತ್ತಿಸುತ್ತಾ ಎಂದಿನಂತೆ ಬೆರಳಾಡಿಸಿದೆ. ಏನೋ ಸುಟ್ಟ ವಾಸನೆ. ಮೋಟಾರು ಸುಟ್ಟಿತೇನೋ ಎಂದು ಬಗ್ಗಿ ನೋಡಿದೆ. ಮೋಟಾರು ಸರಿಯಾಗಿತ್ತು. ಸುಡುತ್ತಿದ್ದದ್ದು ನನ್ನ ನಡುಬೆರಳು. ಬಿಸಿ ಅರಗು ತುದಿಗೆ ಅಂಟಿಕೊಂಡು ಬೊಬ್ಬೆ ಎದ್ದಿತ್ತು, ನನಗೆ ಏನೂ ಗೊತ್ತಾಗಿರಲಿಲ್ಲ. ಪಕ್ಕದ ತೋರುಬೆರಳನ್ನು ಉಳಿಯ ಮೊನೆಗೆ ಒತ್ತಿ ನೋಡಿದೆ. ಯಾರದೋ ಬೆರಳನ್ನು ಒತ್ತಿದ ಹಾಗಿತ್ತು.

ರತ್ನಳಿಗೆ ಹೇಳಲಿಲ್ಲ. ಏನೆಂದು ಹೇಳುವುದು? ಕಾಲು ಜುಮುಗುಟ್ಟಿದರೆ ತಿಕ್ಕಿಕೊಳ್ಳಬಹುದು. ಬೆರಳೇ ಹೋದರೆ ನಾನು ಯಾರು? ಮೋಟಾರಿನ ಪಕ್ಕ ಕೂತಿರುವ ಒಬ್ಬ ಮುದುಕ, ಅಷ್ಟೆ.

ಆ ವರ್ಷ ಯುಗಾದಿಗೆ ಅಕ್ಕನ ಮನೆಗೆ ಹೋದೆವು. ಅಕ್ಕನನ್ನು ಕೊಟ್ಟಿರುವುದು ಮಾಗಡಿ ತಾಲ್ಲೂಕಿನ ಕಲ್ಯಕ್ಕೆ. ಭಾವ ರಾಗಿ, ಅವರೆ ಬೆಳೆಯುವ ರೈತರು. ಅವರಿಗೂ ಸಕ್ಕರೆ ಇದೆ. ಇಬ್ಬರಿಗೂ ಒಂದೇ ಕಾಯಿಲೆ ಬಂದ ಮೇಲೆ ನಮ್ಮ ಸಂಬಂಧ ಇನ್ನೂ ಗಟ್ಟಿಯಾಗಿತ್ತು. ಎಲೆ ಹಾಕುವ ಮೊದಲು ಭಾವ ನನ್ನನ್ನು ಬೇಲಿಯ ಹತ್ತಿರ ಕರೆದುಕೊಂಡು ಹೋಗಿ, ಹಬ್ಬಿದ್ದ ಒಂದು ಬಳ್ಳಿಯಿಂದ ಎರಡು ಎಲೆ ಕಿತ್ತು ಕೊಟ್ಟರು.

“ಒಸಿ ಅಗೀಲಾ ಬಾಮೈದ. ನುಂಗ್ಬೇಡ, ಚೆನ್ನಾಗಿ ಅಗಿ.”

“ಏನ್ ಭಾವ ಇದು?”

“ಅಗಿ ಮೊದ್ಲು. ಹಬ್ಬದೂಟ ಸಲೀಸಾಗ್ತದೆ.”

ಒಗರೊಗರಾಗಿತ್ತು. ಅಗಿದು ಉಗಿದು ಊಟಕ್ಕೆ ಕೂತೆ. ಅಕ್ಕ ಬಿಸಿ ಒಬ್ಬಟ್ಟು ಬಡಿಸಿ ಮೇಲೆ ತುಪ್ಪ ಸುರಿದಳು. ಒಂದು ತುತ್ತು ಬಾಯಿಗಿಟ್ಟೆ. ಹಸಿ ಮಣ್ಣು!

“ಅಕ್ಕಾ, ಬೆಲ್ಲ ಹಾಕೋದು ಮರ್ತ್‌ಬುಟ್ಟಿದ್ದೀಯ ಕಣೆ.”

ಅಕ್ಕ ತುಪ್ಪದ ಗಿಂಡಿ ಹಿಡಿದು ನಿಂತಲ್ಲೇ ನಿಂತಳು. “ಏನಂದೆ? ಬೆಳಗ್ಗಿಂದ ಒಲೆ ಮುಂದೆ ಬೆಂದೋಗಿವ್ನಿ, ಬೆಲ್ಲ ಹಾಕಿಲ್ವಂತೆ! ನಿನ್ ಹೆಂಡ್ತಿ ಮಾಡಿದ್ರೆ ಹಿಂಗೆ ಅಂದೀಯಾ?”

“ಅಂದ್ರೆ ನಾನು ಬುಟ್ಟೇನಾ ಅತ್ತಿಗೆ?” ಎಂದು ರತ್ನ ತಾನೂ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. “ಬೆಲ್ಲ ಸರಿಯಾಗೇ ಐತಲ್ಲ. ಕೊಬ್ಬಿದ್ದು ನಿಮ್ ನಾಲ್ಗೆ ಕಣ್ರೀ.”

ಭಾವ ಗೋಡೆಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ಆಮೇಲೆ ಹೇಳಿದರು, ಆ ಬಳ್ಳಿಯ ಹೆಸರು ಮಧುನಾಶಿನಿ. ನನಗೆ ನಂಬಿಕೆ ಬರಲಿಲ್ಲ. ಒಳಗೆ ಹೋಗಿ ಡಬ್ಬಿಯಿಂದ ಒಂದು ಹಿಡಿ ಸಕ್ಕರೆ ತೆಗೆದು ಬಾಯಿಗೆ ಹಾಕಿಕೊಂಡೆ. ಮರಳು. ಹಲ್ಲಿನಲ್ಲಿ ಕರಕರ ಎನ್ನುವ ಶುದ್ಧ ಮರಳು.

ನೋಡಿ, ಅವತ್ತು ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನಕ್ಕು ಮುಗಿದ ಮೇಲೂ ನಾಲಿಗೆಯಿಂದ ಆ ಮರಳನ್ನೇ ತಡಕುತ್ತಿದ್ದೆ. ಸಕ್ಕರೆ ಅಲ್ಲೇ ಇದೆ. ನಾಲಿಗೆ ಅಲ್ಲೇ ಇದೆ. ನಡುವೆ ಇದ್ದದ್ದು ಏನೋ ಎದ್ದು ಹೋಗಿದೆ. ಬೇಲಿಯ ಮೇಲಿನ ಒಂದು ಎಲೆ, ದನ ಕೂಡ ತಿರುಗಿ ನೋಡದ ಎಲೆ, ಹುಟ್ಟಿದಾಗಿನಿಂದ ನನ್ನ ಜೊತೆಗಿದ್ದ ಸಿಹಿಯನ್ನು ಬಾಗಿಲಾಚೆ ನಿಲ್ಲಿಸಿಬಿಟ್ಟಿತು. ನನ್ನ ಬೆರಳಲ್ಲೂ ಇದೇ ಆಗಿತ್ತಲ್ಲ. ಬಿಸಿ ಇತ್ತು, ಬೆರಳಿತ್ತು, ನಡುವಿನದು ಇರಲಿಲ್ಲ. ಹೊತ್ತು ಇಳಿಯುವ ಮೊದಲು ನಾಲಿಗೆಗೆ ಸಿಹಿ ವಾಪಸು ಬಂತು. ಅಕ್ಕನ ಸಮಾಧಾನಕ್ಕೆ ಇನ್ನೊಂದು ತುಂಡು ಒಬ್ಬಟ್ಟು ತಿಂದು “ಅಮೃತ ಕಣಕ್ಕ” ಎಂದೆ. ಬೆರಳನ್ನು ಪಂಚೆಯ ಮಡಿಕೆಯಲ್ಲಿ ಅಡಗಿಸಿಕೊಂಡಿದ್ದೆ.

ಭಾವನಿಗೆ ಅದು ಕಂಡಿತೋ ಏನೋ. ಸಂಜೆ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಅಲ್ಲಿ ಗೋಡೆಗೆ ಒಂದು ದಪ್ಪ ಹಳೇ ಮರದ ತುಂಡು ಆನಿಸಿ ನಿಲ್ಲಿಸಿದ್ದರು. ಅವರ ಹಳೇ ಮನೆಯ ಹೊಸ್ತಿಲು. ಮನೆ ಕೆಡವಿ ಹೊಸದು ಕಟ್ಟಿಸಿದಾಗ ಬಾಗಿಲಿಗೆ ಕಲ್ಲಿನ ಹೊಸ್ತಿಲು ಬಂತು, ಇದು ಹೊರಗೆ ಬಂತು. ದಿನಾ ಅರಿಶಿನ ಕುಂಕುಮ ಕಂಡ ಹೊಸ್ತಿಲನ್ನು ಒಲೆಗೆ ಹಾಕುವ ಹಾಗಿಲ್ಲ. ಕಾಲಿನ ಕೆಳಗೆ ಹಾಸುವ ಹಾಗೂ ಇಲ್ಲ. ಹಸುಗಳ ಜೊತೆ ನಿಂತೇ ಇತ್ತು.

“ಹೊನ್ನೆ ಮರ ಕಣ್ಲಾ ಇದು. ಹೊನ್ನೆ ಲೋಟ್ದಾಗೆ ರಾತ್ರಿ ನೀರಿಟ್ಟು ಬೆಳಗ್ಗೆ ಕುಡುದ್ರೆ ಸಕ್ರೆಗೆ ಒಳ್ಳೇದು ಅಂತ ನಮ್ಮವ್ವ ಹೇಳೋಳು. ನೀರು ಬಣ್ಣ ಆಯ್ತದಂತೆ. ನೀನು ತಿರುಗ್ಸೋನು. ನಿಂಗೊಂದು ಲೋಟ, ನಂಗೊಂದು ಲೋಟ.”

ಹಿಂದೆ ಬಂದ ಅಕ್ಕ ಕೇಳಿಸಿಕೊಂಡಳು. “ಹೊಸ್ತಿಲ್ನ ತಗೊಂಡೋಗಿ ಲೇತಿಗೆ ಹಾಕ್ತೀರಾ? ಅತ್ತೆ ಕೈಯಾರೆ ಪೂಜೆ ಮಾಡಿರೋದು.”

“ಸುಡ್ತೀನಾ? ತುಳೀತೀನಾ? ತಲೆ ಎತ್ತಿ ಕುಡೀತೀನಿ. ಇದ್ಕಿಂತ ಮರ್ವಾದೆ ಏನ್ ಕೊಡ್ಬೇಕಮ್ಮಿ?” ಎಂದರು ಭಾವ.

ಅಕ್ಕನ ಒಪ್ಪಿಗೆಗೆ ಒಂದು ಷರತ್ತು ಅಂಟಿತ್ತು. ದಾರಿಯಲ್ಲಿ ಯಾರೂ ಅದನ್ನು ದಾಟಬಾರದು. ಬಸ್ಸಿನಲ್ಲಿ ನೆಲಕ್ಕೆ ಮಲಗಿಸಿದರೆ ದಾಟದೆ ಬಿಡುತ್ತಾರೆಯೇ? ಮಾಗಡಿಯಿಂದ ರಾಮನಗರದವರೆಗೆ ಅದನ್ನು ಮೊಣಕಾಲ ನಡುವೆ ನೆಟ್ಟಗೆ ನಿಲ್ಲಿಸಿ ತಬ್ಬಿಕೊಂಡು ಕೂತೆ.

“ಏನ್ರೀ ಅದು, ಲಗೇಜಾ?” ಎಂದರು ಕಂಡಕ್ಟರು.

“ಹೊಸ್ತಿಲು.”

“ಮನೆ ಹಿಂದಿನ್ ಬಸ್ಸಲ್ಲಿ ಬತ್ತಾ ಐತಾ?”

ಇಡೀ ಬಸ್ಸು ನಕ್ಕಿತು. ರತ್ನ ನನ್ನ ಹೆಂಡತಿಯೇ ಅಲ್ಲವೆಂಬಂತೆ ಕಿಟಕಿಯಾಚೆ ನೋಡುತ್ತಿದ್ದಳು.

ಹೊನ್ನೆಯನ್ನು ನಾನು ಅದುವರೆಗೆ ತಿರುಗಿಸಿರಲಿಲ್ಲ. ಚಿಕ್ಕವರಿದ್ದಾಗ ಅವ್ವ ಅದರ ಕೆಂಪು ಅಂಟನ್ನು ನೀರಲ್ಲಿ ತೇದು ನಮ್ಮ ಹಣೆಗೆ ಬೊಟ್ಟಿಡುತ್ತಿದ್ದದ್ದು ಮಾತ್ರ ನೆನಪಿತ್ತು. ಆಲೆ ಮರ ಹೇಳಿದ ಮಾತು ಕೇಳುತ್ತದೆ, ಹೊನ್ನೆ ಎದುರು ಮಾತಾಡುತ್ತದೆ. ಉಳಿ ಕಿರ್ರೆಂದಿತು, ಭುಜದವರೆಗೆ ಅದುರಿತು. ಹುಡಿ ಹಳದಿಯಾಗಿ ಎದ್ದು ಬೆವತ ತೋಳಿಗೆ ಹತ್ತಿ ಕಾವಿಯ ಬಣ್ಣಕ್ಕೆ ತಿರುಗಿತು. ಅಷ್ಟು ವರ್ಷ ಬಿಸಿಲು ಮಳೆ ಕಂಡು, ಕೊಟ್ಟಿಗೆಯಲ್ಲಿ ನಿಂತು, ಆ ಮರ ಇನ್ನೂ ತನ್ನ ಬಣ್ಣವನ್ನು ಒಳಗೆ ಇಟ್ಟುಕೊಂಡು ಕಾದಿತ್ತು. ಅದು ಆಗಲೇ ನನ್ನ ತೋಳಿನ ಮೇಲೆ ಬರೆದು ತೋರಿಸುತ್ತಿತ್ತು. ನನಗೆ ಓದಲು ಬರಲಿಲ್ಲ.

ಲೋಟ ಆಯಿತು. ಭಾವನ ಅವ್ವನ ಹೊಸ್ತಿಲು, ಅಕ್ಕನ ಅಪ್ಪಣೆ, ನನ್ನ ಕೈಕೆಲಸ. ಹಾಗೇ ಬರಿಮೈಯಲ್ಲಿ ಬಿಡಲು ಮನಸ್ಸಾದರೂ ಹೇಗೆ ಬರುತ್ತದೆ? ಹೊರಗೆ ಕೆಂಪು ಪಟ್ಟಿ, ಹಳದಿ ಪಟ್ಟಿ ಎಳೆದೆ. ಒಳಗೆ ಬಗ್ಗಿದ ಉಳಿಯಲ್ಲಿ ನುಣುಪು ಮಾಡಿ, ಬಣ್ಣವಿಲ್ಲದ ಅರಗು ಹತ್ತಿಸಿ, ತಾಳೆ ಗರಿಯಲ್ಲಿ ತಿಕ್ಕಿದೆ. ಒಳಗೆ ಬಗ್ಗಿ ನೋಡಿದರೆ ನನ್ನ ಮುಖ ಕಾಣುತ್ತಿತ್ತು. ಜೀವನದಲ್ಲಿ ಅಷ್ಟು ಚೆಂದದ ಲೋಟ ಮಾಡಿರಲಿಲ್ಲ.

ರಾತ್ರಿ ನೀರಿಟ್ಟೆ. ಬೆಳಿಗ್ಗೆ ನೋಡಿದರೆ ನೀರು ನೀರೇ. ಇನ್ನೊಂದು ದಿನ ನೋಡಿದೆ. ಒಂದು ವಾರ ನೋಡಿದೆ. ಸುಟ್ಟ ಬೆರಳು ಮಾಗಿತ್ತು, ಆದರೆ ಮರಗಟ್ಟಿದ್ದು ಹಾಗೇ ಇತ್ತು. ನನಗೆ ರೇಗಿತು. ಭಾವನಿಗೆ ಫೋನು ಮಾಡಿದೆ.

“ಭಾವ, ನಿಮ್ಮ ಹೊಸ್ತಿಲು ಗೊಡ್ಡು ಕಣ್ರಪ್ಪ. ಬಣ್ಣಾನೂ ಇಲ್ಲ, ಬದನೆಕಾಯೂ ಇಲ್ಲ.”

ಭಾವ, “ನಮ್ಮವ್ವ ಸುಳ್ ಹೇಳೋಳಲ್ಲ ಕಣ್ಲಾ” ಎಂದು ಫೋನು ಇಟ್ಟರು. ಯಾವಾಗಲೂ ನಗುವ ಭಾವ ನಗದೆ ಇಟ್ಟದ್ದು ಅದೊಂದೇ ಸಲ.

ಅದಾದ ಮೇಲಿನ ಭಾನುವಾರ ಒಂದು ಕಾರಿನವರು ಬಂದರು, ಗಂಡ ಹೆಂಡತಿ, ಕಂಕುಳಲ್ಲಿ ಮಗು. ನಾನು ಗಿಲಕಿಯನ್ನು ಎತ್ತಿ ಆಡಿಸುತ್ತಾ ನನ್ನ ಮಂತ್ರ ಹೇಳಿದೆ. “ಚೀಪಿದ್ರೂ ಬಣ್ಣ ಬಿಡಲ್ಲ ಸಾರ್! ಅರಗು ಅಂದ್ರೆ ಹಂಗೆ, ಒಂದು ತೊಟ್ಟು ನೀರೂ ಒಳಗೆ ಹೋಗಲ್ಲ, ಒಳಗಿಂದು ಈಚೆಗೂ ಬರಲ್ಲ.” ಅವರು ಕೊಂಡು ಹೋದರು. ರತ್ನ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

“ಏನೇ?”

“ಏನಿಲ್ಲ. ಒಳಗಿಂದು ಈಚೆಗೆ ಬರಲ್ಲ ಅಂತ ಊರಿಗೆಲ್ಲ ಸಾರ್ತೀರಲ್ಲ. ಆ ಹೊನ್ನೆ ಲೋಟಕ್ಕೂ ಅದ್ನೇ ಬಳ್ದು ಕೂತಿದ್ದೀರಿ. ಇನ್ನೆಲ್ಲಿಂದ ಬಂದಾತು ಬಣ್ಣ?”

ಎದ್ದು ಹೋಗಿ ಲೋಟದೊಳಗೆ ಬಗ್ಗಿದೆ, ಅಲ್ಲಿ ನನ್ನ ಮುಖವೇ ಹೊಳೆಯುತ್ತಿತ್ತು. ನಲವತ್ತು ವರ್ಷ ಬಣ್ಣ ಬಿಡದ ಹಾಗೆ ನೋಡಿಕೊಂಡವನಿಗೆ, ಬಣ್ಣ ಬಿಡುವುದೇ ಗುಣವಾಗಿರುವ ಒಂದು ಮರ ಇರಬಹುದೆಂದು ಹೊಳೆಯಲೇ ಇಲ್ಲ. ಇಂಥ ತಪ್ಪನ್ನು ರೈತ ಮಾಡುವುದಿಲ್ಲ, ಪಂಡಿತ ಮಾಡುವುದಿಲ್ಲ. ಚನ್ನಪಟ್ಟಣದವನೇ ಬೇಕು.

ಉಳಿದ ತುಂಡಿನಲ್ಲಿ ಇನ್ನೆರಡು ಲೋಟ ತಿರುಗಿಸಿದೆ, ಒಂದು ನನಗೆ, ಒಂದು ಭಾವನಿಗೆ. ಅರಗಿನ ಕಡ್ಡಿಯ ಕಡೆ ಕೈ ತಾನಾಗಿ ಹೋಗುತ್ತಿತ್ತು, ರತ್ನ ಅದನ್ನು ತೆಗೆದು ಅಡುಗೆಮನೆಯಲ್ಲಿ ಇಟ್ಟುಬಿಟ್ಟಳು. ಬರಿಯ ಮರ, ಉಳಿಯ ಗೆರೆ ಕಾಣುವಂತೆ. ಮಗುವನ್ನು ಬಟ್ಟೆಯಿಲ್ಲದೆ ಮದುವೆಮನೆಗೆ ಕರೆದುಕೊಂಡು ಹೋದಷ್ಟು ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿದೆ. ತಿಳಿ ಜೇನಿನ ಬಣ್ಣ. ಕಿಟಕಿಯ ಬಿಸಿಲಿಗೆ ಹಿಡಿದು, ಆಮೇಲೆ ಬೆಳಕಿಗೆ ಬೆನ್ನು ಮಾಡಿ ತಿರುಗಿದೆ. ಜೇನು ಮಾಯವಾಯಿತು. ಲೋಟದ ಅಂಚಿನಲ್ಲೆಲ್ಲ ನೀಲಿ ಎದ್ದಿತ್ತು. ಬಟ್ಟೆಗೆ ಹಾಕುವ ನೀಲಿಯಲ್ಲ, ಆಕಾಶದ್ದೂ ಅಲ್ಲ. ನವಿಲಿನ ಕತ್ತು ಒಂದು ಗಳಿಗೆ ಮಿಂಚಿ ಹೋಗುತ್ತದಲ್ಲ, ಅದು. ಮತ್ತೆ ಬೆಳಕಿಗೆ ಹಿಡಿದರೆ ಜೇನು. ತಿರುಗಿದರೆ ನೀಲಿ. ನಾನು ಕಿಟಕಿಯ ಮುಂದೆ ಬುಗುರಿಯ ಹಾಗೆ ತಿರುಗುತ್ತಾ ನಿಂತಿದ್ದೆ.

ಬಣ್ಣ ಬೆರೆಸುವುದೇ ನನ್ನ ಕಸುಬು. ಕೆಂಪಿಗೆ ಏನು ಸೇರಿಸಿದರೆ ಏನಾಗುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲೆ. ಕಂದು ಮರ, ಹಳದಿ ಹುಡಿ, ಕೆಂಪು ಅಂಟು. ಇದರಲ್ಲಿ ನೀಲಿ ಎಲ್ಲಿತ್ತು? ಇಷ್ಟು ಕಾಲ ಒಂದು ಮನೆಯ ಬಾಗಿಲಲ್ಲಿ ಬಿದ್ದುಕೊಂಡು, ಹೋಗುವವರ ಬರುವವರ ಕಾಲು ನೋಡಿಕೊಂಡು, ಆ ನೀಲಿಯನ್ನು ಯಾರಿಗೂ ಹೇಳದೆ ಇಟ್ಟುಕೊಂಡಿತ್ತಲ್ಲ! ಅದಕ್ಕೆ ಒಂದು ಲೋಟ ನೀರು ಸಾಕಾಯಿತು, ಹೇಳಿಬಿಟ್ಟಿತು.

ಫೋನು ತೆಗೆದುಕೊಂಡೆ. “ಭಾವ, ನಿಮ್ಮ ಹೊಸ್ತಿಲು ಮಾತಾಡ್ತಾ ಐತೆ ಕಣ್ರೀ.”

“ಏನಂತೆ?”

“ನಿನ್ ಬಾಮೈದ ದಡ್ಡ ಅಂತೆ.”

“ಅದ್ನ ಹೇಳಕ್ಕೆ ಹೊಸ್ತಿಲು ಯಾಕ್ಲಾ ಬೇಕಿತ್ತು!” ಎಂದು ಭಾವ ನಕ್ಕರು. ಆ ನಗು ಕೇಳಿದ ಮೇಲೆಯೇ ನಾನು ನೀರು ಕುಡಿದದ್ದು. ಒಗರು, ಕೊನೆಯಲ್ಲಿ ಸ್ವಲ್ಪ ಕಹಿ.

ಅವತ್ತೇ ರತ್ನಳಿಗೆ ಬೆರಳಿನ ವಿಷಯ ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ. ಮರವೇ ಬಾಯಿ ಬಿಟ್ಟಿತ್ತು, ನನ್ನದೇನು ಹೆಚ್ಚು. ಅವಳು ಕೂಗಾಡಲಿಲ್ಲ. ನನ್ನ ಎರಡೂ ಬೆರಳುಗಳನ್ನು ಹಿಡಿದು ನೋಡಿ, ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದಳು. “ಹೊರಡಿ.”

ನಮ್ಮೂರಿನ ಡಾಕ್ಟರಮ್ಮ ವಯಸ್ಸಿನಲ್ಲಿ ನನ್ನ ಮಗಳಷ್ಟು. ಹೊನ್ನೆಯ ನೀರನ್ನು ಬಾಟಲಿಯಲ್ಲಿ ತೆಗೆದುಕೊಂಡು ಹೋಗಿದ್ದೆ. ಬೈಯುತ್ತಾರೆ ಎಂದುಕೊಂಡೆ. ಅವರು ಎದ್ದು ಕಿಟಕಿಗೆ ಹೋಗಿ ನನ್ನ ಹಾಗೇ ತಿರುಗಿ ತಿರುಗಿ ನೋಡಿದರು.

“ಎಷ್ಟು ಚೆನ್ನಾಗಿದೆ! ಕುಡೀಬೇಡಿ ಅನ್ನಲ್ಲ. ಆದ್ರೆ ಇದನ್ನ ನಂಬ್ಕೊಂಡು ಮಾತ್ರೆ ಬಿಡೋ ಹಾಗಿಲ್ಲ. ಎರಡೂ ಸೇರಿ ಶುಗರ್ ತೀರಾ ಇಳಿದ್ರೆ ಬೆವರು ಬರುತ್ತೆ, ತಲೆ ಸುತ್ತುತ್ತೆ. ಹಾಗಾದ್ರೆ ತಕ್ಷಣ ಏನಾದ್ರೂ ಸಿಹಿ ಬಾಯಿಗೆ ಹಾಕ್ಕೊಂಡು ಬನ್ನಿ. ಮಾತ್ರೆ ತಗೋತಾ ಇದ್ದೀರಾ?”

“ದೇವರ ಪಕ್ಕ ಇಟ್ಟು ಪೂಜೆ ಮಾಡ್ತಾವ್ರೆ ಮೇಡಂ” ಎಂದಳು ರತ್ನ.

ಡಾಕ್ಟರಮ್ಮ ನನ್ನ ಕಡೆ ತಿರುಗಿ, “ಕೈ ಚಾಚಿ” ಎಂದರು.

ಯಾರ ಮುಂದೆಯೂ ಚಾಚದ ಕೈ. ಚಾಚಿದೆ. ಕಣ್ಣು ಮುಚ್ಚಿ ಎಂದರು, ಮುಚ್ಚಿದೆ. ಸಣ್ಣ ನೈಲಾನ್ ಎಳೆಯೊಂದರಲ್ಲಿ ಒಂದೊಂದೇ ಬೆರಳ ತುದಿಯನ್ನು ಮುಟ್ಟುತ್ತಾ ಹೋಗುತ್ತೇನೆ, ಗೊತ್ತಾದಾಗ ಹೇಳಬೇಕು ಎಂದರು. ಎಂಬತ್ತಮೂರರಲ್ಲಿ ತಪ್ಪಿಸಿಕೊಂಡ ಮೇಲೆ ನಾನು ಕೂತ ಮೊದಲ ಪರೀಕ್ಷೆ ಅದು. ಎಡಗೈಯಲ್ಲಿ ಎಲ್ಲದಕ್ಕೂ “ಹ್ಞೂಂ” ಎಂದೆ. ಬಲಗೈಯ ಕಿರುಬೆರಳು, ಹ್ಞೂಂ. ಉಂಗುರ ಬೆರಳು, ಹ್ಞೂಂ. ಆಮೇಲೆ ಏನೂ ಇಲ್ಲ. ಕಾಯುತ್ತಾ ಕೂತೆ. ಇನ್ನೂ ಮುಟ್ಟಿಲ್ಲವೇನೋ ಎಂದುಕೊಂಡೆ. ಹೆಬ್ಬೆರಳಿಗೆ ಏನೋ ತಾಗಿತು. “ಹ್ಞೂಂ.”

ಕಣ್ಣು ಬಿಟ್ಟಾಗ ರತ್ನ ನನ್ನನ್ನು ನೋಡುತ್ತಿರಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

“ಇವೆರಡೂ ವಾಪಸು ಬರುತ್ತೆ ಅಂತ ನಾನು ಮಾತು ಕೊಡಲ್ಲ. ಮಿಕ್ಕಿದ್ದನ್ನ ಉಳಿಸ್ಕೊಳ್ಳೋಣ. ಆಗುತ್ತೆ” ಎಂದರು ಡಾಕ್ಟರಮ್ಮ.

ಬುಗುರಿಯ ಹೊಟ್ಟೆಯ ಮೇಲೆ ಈಗ ಉಂಗುರ ಬೆರಳನ್ನು ಆಡಿಸುತ್ತೇನೆ. ಇಷ್ಟು ವರ್ಷ ಸೋಮಾರಿಯಾಗಿ ಕೂತಿದ್ದ ಬೆರಳು, ಒಂದನೇ ಕ್ಲಾಸಿಗೆ ಸೇರಿಸಿದ್ದೇನೆ. ತಪ್ಪು ಮಾಡುತ್ತದೆ, ತಿದ್ದುತ್ತೇನೆ. ಬೆಳಿಗ್ಗೆ ಎದ್ದ ತಕ್ಷಣ ಕಿಟಕಿಯ ಹತ್ತಿರ ಹೋಗಿ ಜೇನನ್ನು ನೀಲಿ ಮಾಡಿ, ನೀಲಿಯನ್ನು ಜೇನು ಮಾಡಿ, ಆಮೇಲೆ ಕುಡಿಯುತ್ತೇನೆ. ದಿನ ಕಳೆದಂತೆ ಬಣ್ಣ ತೆಳುವಾಗುತ್ತಿದೆ, ಒಂದು ದಿನ ನಿಲ್ಲುತ್ತದೆ. ಅದು ಸಕ್ಕರೆಗೆ ಎಷ್ಟು ಮಾಡಿತು, ಮಾತ್ರೆ ಎಷ್ಟು ಮಾಡಿತು, ನನಗೆ ಗೊತ್ತಿಲ್ಲ. ನನಗೆ ಅದು ಮಾಡಿದ್ದು ಗೊತ್ತಿದೆ.

ಈಗ ನನ್ನ ಹತ್ತಿರ ಇರುವುದು: ಒಂದು ಲೇತು, ಐದು ಉಳಿ. ಹೊನ್ನೆಯ ಲೋಟ ಎರಡು, ಒಂದು ಹೊಳೆಯುತ್ತದೆ, ಒಂದು ಬಣ್ಣ ಬಿಡುತ್ತದೆ. ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದು. ಮುಟ್ಟಿದ್ದು ತಿಳಿಯುವ ಬೆರಳು, ಎಂಟು.